ಹೋಮ್‌ಸ್ಕೂಲಿಂಗ್ ಬಗ್ಗೆ ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೆ, ಪುಟ್ಟಿಯನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರೆ ಕಾನೂನಿನ ತೊಂದರೆ ಬರುತ್ತಾ, ಏನೇನು ಬರೆದಿಡಬೇಕು ಅಂತ ಕೇಳಿದ್ದಿರಿ ಅಲ್ವಾ? ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬಿಡುವಾದಾಗ ಕೇಳಿ.

ಅಮೆರಿಕದ ಪೆನ್ಸಿಲ್ವೇನಿಯಾದಿಂದ ನಮ್ಮ ತಮ್ಮ ಹಾಕಿದ ಹೋಮ್‌ಸ್ಕೂಲಿಂಗ್ ನಿಯಮಗಳ ಪಟ್ಟಿ ನೋಡಿ ಗಾಬರಿ ಆಗಬೇಡಿ. ಅಲ್ಲಿ ಪ್ರತಿ ವರ್ಷ ಆಗಸ್ಟ್ 1ರೊಳಗೆ ಅಫಿಡವಿಟ್ ಕೊಡಬೇಕು, 180 ದಿನ ಇಲ್ಲವೇ ನಿಗದಿತ ಗಂಟೆಗಳಷ್ಟು ಪಾಠ ಆಗಬೇಕು, ಕೊನೆಗೆ ಒಬ್ಬರು ಮೌಲ್ಯಮಾಪನ ಮಾಡಬೇಕು. ಅದು ಆ ರಾಜ್ಯದ ನಿಯಮ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಾಲೆ ಬಗ್ಗೆ ಹೇಳುತ್ತದೆ. ಮನೆಯಲ್ಲಿ ಓದಿಸುವವರಿಗೆ ಅಂತ ಬೇರೆ ನೋಂದಣಿಯನ್ನಾಗಲಿ ಫಾರಂ ಅನ್ನಾಗಲಿ ಅದರಲ್ಲಿ ಇಟ್ಟಿಲ್ಲ.

ಹಾಗಂತ ಯಾರೂ ಕೇಳಲ್ಲ, ಬರೆದಿಡೋದು ಯಾಕೆ ಅಂತ ದಯವಿಟ್ಟು ಬಿಡಬೇಡಿ. ಅಲ್ಲಿ ಸರ್ಕಾರ ಕೇಳುತ್ತದೆ, ಹಾಗಾಗಿ ಕಾಗದ ತಾನಾಗಿಯೇ ಸೇರುತ್ತದೆ. ಇಲ್ಲಿ ನಾವೇ ಸೇರಿಸದಿದ್ದರೆ ನಾಳೆ ತೋರಿಸೋಕೆ ಏನೂ ಇರೋದಿಲ್ಲ.

ಮೊದಲು ಟಿಸಿ. ಸುಮ್ನೆ ಕಳಿಸೋದು ನಿಲ್ಲಿಸಬೇಡಿ. ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಜನನ ಪ್ರಮಾಣಪತ್ರ, ಹಳೆಯ ಅಂಕಪಟ್ಟಿಗಳೂ ಅದೇ ಫೈಲಿನಲ್ಲಿರಲಿ. ಮುಂದೆ ಎನ್‌ಐಒಎಸ್‌ನಲ್ಲಿ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿ ಕಟ್ಟಿಸೋಕೆ 14 ವರ್ಷ ತುಂಬಿರಬೇಕು, ಆಗ ವಯಸ್ಸಿನ ದಾಖಲೆ ಬೇಕೇ ಬೇಕು.

ಇನ್ನು ದಿನದ ಡೈರಿ. ಇದರಲ್ಲೇ ಜಾಸ್ತಿ ಜನ ಸೋಲೋದು. ‘ಗಣಿತ, ಒಂದು ಗಂಟೆ’ ಅಂತ ಬರೆದರೆ ಆರು ತಿಂಗಳಾದ ಮೇಲೆ ನಿಮಗೇ ಏನೂ ಗೊತ್ತಾಗಲ್ಲ. ಹೀಗೆ ಬರೆಯಿರಿ: ‘ಜುಲೈ 8. ಭಿನ್ನರಾಶಿ ಕೂಡಿಸಿದಳು. ಛೇದ ಬೇರೆ ಇದ್ದಾಗ ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿಬಿಟ್ಟಳು. ಕಾಗದ ಮಡಚಿ ತೋರಿಸಿದೆ.’ ಎರಡೇ ನಿಮಿಷದ ಕೆಲಸ, ಆದರೆ ಅವತ್ತೇ ಆಗಬೇಕು. ವಾರದ ಕೊನೆಗೆ ನೆನಪಿಸಿಕೊಂಡು ಬರೆದದ್ದು ಬರೀ ಅಂದಾಜು.

ಅವಳು ತಪ್ಪು ಮಾಡಿದ ಆ ಹಾಳೆಯನ್ನೂ ತಾರೀಖು ಹಾಕಿ ಇಡಿ. ಅಳಿಸಿ ಅಂದ ಮಾಡಬೇಡಿ. ಮೂರು ತಿಂಗಳ ನಂತರದ ಹಾಳೆಯನ್ನು ಅದರ ಪಕ್ಕ ಇಟ್ಟರೆ, ಯಾವ ಹೆಡ್‌ಮೇಷ್ಟ್ರಿಗೂ ಮಗು ಎಷ್ಟು ಕಲಿತಿದೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವಳು ಮತ್ತೆ ಶಾಲೆಗೆ ಹೋಗ್ತೀನಿ ಅಂದರೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅವತ್ತು ಈ ಫೈಲು ಕೈಯಲ್ಲಿದ್ದರೆ ಮಾತು ಸಲೀಸು.

ಓದಿದ ಪುಸ್ತಕಗಳ ಹೆಸರು ಡೈರಿಯ ಕೊನೇ ಪುಟದಲ್ಲಿ ಬರೆದರೆ ಸಾಕು. ಎಲ್ಲದರ ಫೋಟೋ ತೆಗೆದು ಅಣ್ಣನ ಫೋನಿನಲ್ಲೂ ಇಡಿ. ಟಿಸಿ ಅರ್ಜಿ ಕೊಡೋಕೆ ಮುಂಚೆ ನನಗೊಮ್ಮೆ ಕಳಿಸಿ, ಒಟ್ಟಿಗೆ ನೋಡೋಣ.