ಮುಚ್ಚಳಿಕೆಗೆ ಈಗಲೇ ಸಹಿ ಬೇಡ

ಸುರೇಶ ಭಾವ, ನಿಮ್ಮ ಮೆಸೇಜ್ ನೋಡಿದೆ. ಉದ್ದ ಆಗುತ್ತದೆ, ಆದರೂ ಮಾತಾಡಿದ ಹಾಗೇ ಬರೆಯುತ್ತೇನೆ. ಮಧ್ಯದಲ್ಲಿ ಯಾರೂ ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕಬೇಡಿ ಮಾರಾಯ್ರೆ. "ಕೇಸ್ ಆದರೆ ಪಾಸ್‌ಪೋರ್ಟ್ ಸಿಗುವುದಿಲ್ಲ, ಗಲ್ಫಿಗೆ ಹೋಗುವ ಆಸೆ ಬಿಡಿ, ಕಾಲೇಜಿನವರು ತೋರಿಸಿದಲ್ಲಿ ಸಹಿ ಹಾಕಿ ಬನ್ನಿ" ಅಂತ ಬರೆದಿದ್ದೀರಿ. ಅಕ್ಕ ಅದನ್ನು ಓದಿ ಮಧ್ಯಾಹ್ನದಿಂದ ಊಟ ಮಾಡಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಅಕ್ಕನ ಮಗ ಪ್ರಜ್ವಲನ ಹಾಸ್ಟೆಲಲ್ಲಿ ಅನ್ನದಲ್ಲಿ ಹುಳ ಬರುತ್ತಿತ್ತು. ಮಕ್ಕಳು ವಾರ್ಡನ್‌ಗೆ ಬರೆದು ಕೊಟ್ಟರು, ಉತ್ತರ ಇಲ್ಲ. ಸೋಮವಾರ ಎರಡನೇ ಪೀರಿಯಡ್ ಮುಗಿದ ಕೂಡಲೇ ಸೆಕೆಂಡ್ ಪಿಯುಸಿಯವರು ಕ್ಲಾಸಿಂದ ಎದ್ದು ಬಂದು ಗೇಟಿನ ಹೊರಗೆ ಕೂತರು. ಕಲ್ಲಿಲ್ಲ, ರಸ್ತೆ ತಡೆ ಇಲ್ಲ. ಕಾಲೇಜಿನವರು ಮಕ್ಕಳ ಹತ್ತಿರ ಮಾತಾಡುವ ಮೊದಲೇ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರ ಬಗ್ಗೆ ಸುಮ್ನೆ ಸುಳ್ಳು ಹೇಳಬಾರದು, ಬಂದ ಎಎಸ್‌ಐ ಯಾರ ಮೇಲೂ ಕೈ ಮಾಡಲಿಲ್ಲ, ಬಿಸಿಲಲ್ಲಿ ಕೂರಬೇಡಿ ಅಂತಲೇ ಹೇಳಿದ್ದು. ಆದರೆ ಹೋಗುವಾಗ ಹೆಸರು ಬರೆದುಕೊಂಡು ನಾಲ್ಕು ಹುಡುಗರಿಗೆ "ಸಂಜೆ ಸ್ಟೇಷನ್‌ಗೆ ಬನ್ನಿ" ಅಂದರಲ್ಲ, ಹೆದರಿಕೆ ಶುರುವಾದದ್ದು ಅಲ್ಲಿಂದ.

ಸಹಿ ಹಾಕಿ ಅಂತ ಕಾಲೇಜಿನವರು ಕೊಟ್ಟ ಆ ಮುಚ್ಚಳಿಕೆ ಪತ್ರ ನಾನು ಕೈಯಲ್ಲಿ ಹಿಡಿದು ಓದಿದ್ದೇನೆ. ಝೆರಾಕ್ಸ್ ಕಾಪಿ. ಹುಡುಗನ ಹೆಸರಿಗೆ ಚುಕ್ಕಿ ಗೆರೆ, ತಾರೀಕಿಗೆ ಚುಕ್ಕಿ ಗೆರೆ. "ನನ್ನ ಮಗ ಇನ್ನು ಮುಂದೆ ಸಂಸ್ಥೆಯ ವಿರುದ್ಧ ಯಾವುದೇ ಚಟುವಟಿಕೆಯಲ್ಲಿ ಭಾಗವಹಿಸಿದರೆ ತಕ್ಷಣ ಟಿಸಿ ಪಡೆಯಲು ಒಪ್ಪಿರುತ್ತೇನೆ" ಅಂತ ಉಂಟು. ಹುಳದ ಸುದ್ದಿಯೇ ಇಲ್ಲ! ನಾಳೆ ಪುನಃ ಹುಳ ಸಿಕ್ಕಿದರೆ ಹೇಳುವುದು ಕೂಡ ಚಟುವಟಿಕೆಯೇ ಆಯ್ತಲ್ಲ?

ನಾನೂ ಟೀಚರ್ ಆಗಿದ್ದವಳು. ಕ್ಲಾಸ್ ತಪ್ಪಿಸಿದ್ದಕ್ಕೆ ಆಬ್ಸೆಂಟ್ ಹಾಕಲಿ, ನನ್ನ ತಕರಾರಿಲ್ಲ. ಪಿಯುಸಿಗೆ 75 ಶೇಕಡಾ ಹಾಜರಿ ಬೇಕೇ ಬೇಕು, ಅದು ಹುಡುಗನಿಗೂ ಗೊತ್ತು. ಬೇರೆ ದಿನ ಕ್ಲಾಸಿಗೆ ಚಕ್ಕರ್ ಹಾಕಿದವನಿಗೆ ಎಷ್ಟು ಶಿಕ್ಷೆಯೋ ಇವನಿಗೂ ಅಷ್ಟೇ ಇರಲಿ. ಸಿನಿಮಾಕ್ಕೆ ಹೋದವನಿಗೆ ಒಂದು ಆಬ್ಸೆಂಟ್, ಹುಳ ತೋರಿಸಿದವನಿಗೆ ಟಿಸಿ ಅಂತಾದರೆ ಆ ಶಿಕ್ಷೆ ಕ್ಲಾಸ್ ಬಿಟ್ಟದ್ದಕ್ಕೆ ಅಲ್ಲ, ಬಾಯಿ ಬಿಟ್ಟದ್ದಕ್ಕೆ.

ಇನ್ನು ಪಾಸ್‌ಪೋರ್ಟ್. ಮಗಳು ವಕೀಲೆ ಅಲ್ವಾ, ಅವಳ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ. ಪ್ರಜ್ವಲನಿಗೆ ಇನ್ನೂ 18 ಆಗಿಲ್ಲ. ಹಾಗಾಗಿ 2015ರ ಬಾಲನ್ಯಾಯ ಕಾಯ್ದೆ ಬರುತ್ತದೆ. ಇಂಥ ಸಣ್ಣ ವಿಷಯಕ್ಕೆ ಮಕ್ಕಳ ಮೇಲೆ ಎಫ್‌ಐಆರ್ ಹಾಕುವ ಹಾಗಿಲ್ಲ, ಡೈರಿಯಲ್ಲಿ ಬರೆದು ಬಾಲನ್ಯಾಯ ಮಂಡಳಿಗೆ ವರದಿ ಕಳಿಸಬೇಕು. ಜೊತೆಗೆ 18 ದಾಟಿದವರು ಇದ್ದರೆ ಮಾತ್ರ ಲೆಕ್ಕ ಬೇರೆ, ಸೆಕೆಂಡ್ ಪಿಯುಸಿಯಲ್ಲಿ ಅಂಥವರು ಇರುತ್ತಾರೆ, ಅದನ್ನು ವಿಚಾರಿಸುತ್ತೇವೆ. ಲಾಕಪ್‌ಗೆ ಹಾಕುವ ಹಾಗಿಲ್ಲ. ಹೇಳಿಕೆ ಬರೆಸಿ ಹುಡುಗನ ಸಹಿ ಕೇಳುವ ಹಾಗೂ ಇಲ್ಲ. ಪ್ರತಿ ಸ್ಟೇಷನ್‌ನಲ್ಲಿ ಮಕ್ಕಳ ವಿಷಯ ನೋಡಲಿಕ್ಕೆ ಅಂತಲೇ ಒಬ್ಬ ಅಧಿಕಾರಿ ಇರಬೇಕು, ನಾವು ಅವರನ್ನೇ ಕೇಳುವುದು. ನಿಮ್ಮ ಭಯಕ್ಕೆ ಉತ್ತರ 74ನೇ ಸೆಕ್ಷನ್‌ನಲ್ಲಿ ಉಂಟು ಭಾವ: ಮಗುವಿನ ದಾಖಲೆಯನ್ನು ಕ್ಯಾರೆಕ್ಟರ್ ಸರ್ಟಿಫಿಕೇಟ್‌ಗೆ ಅಂತ ಪೊಲೀಸರು ಯಾರಿಗೂ ಕೊಡುವ ಹಾಗಿಲ್ಲ.

ಅದೇ ಸೆಕ್ಷನ್ ನಮಗೂ ಹಿಡಿಯುತ್ತದೆ. ಇಂಥ ಮಕ್ಕಳ ಹೆಸರು, ಮುಖ, ಶಾಲೆ ಗೊತ್ತಾಗುವ ಹಾಗೆ ಹಂಚಿದರೆ ಆರು ತಿಂಗಳ ತನಕ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಗೇಟಿನ ಮುಂದಿನ ವಿಡಿಯೋ ನಾಲ್ಕು ಗ್ರೂಪಿಗೆ ಕಳಿಸಿದ ಪುಣ್ಯಾತ್ಮರು ಇಲ್ಲೇ ಇದ್ದಾರೆ. ದಯವಿಟ್ಟು ಡಿಲೀಟ್ ಮಾಡಿ.

ಶ್ವೇತಾ, ನೀನು "ಇಲ್ಲಿ ಅಮೆರಿಕದಲ್ಲಿ ಮಕ್ಕಳು ಹೊರಗೆ ಬಂದರೆ ಸ್ಕೂಲೇ ಬೆನ್ನಿಗೆ ನಿಲ್ಲುತ್ತದೆ" ಅಂದೆ. ಎಲ್ಲ ಕಡೆ ಅಲ್ಲ ಮಗಾ. ಫ್ಲಾರಿಡಾದ ಶಾಲೆಯಲ್ಲಿ ಗುಂಡಿಗೆ 17 ಜನ ಸತ್ತ ಮೇಲೆ, 2018ರ ಮಾರ್ಚ್ 14ರಂದು ದೇಶವಿಡೀ ಮಕ್ಕಳು 17 ನಿಮಿಷ ಹೊರಗೆ ಬಂದರಲ್ಲ, ಅವತ್ತು ಅರ್ಕಾನ್ಸಾಸ್‌ನ ಒಂದು ಶಾಲೆಯಲ್ಲಿ ಮೂವರಿಗೆ ಮರದ ಹಲಗೆಯಲ್ಲಿ ಪೆಟ್ಟು ಬಿದ್ದಿತ್ತು. ನಿಮ್ಮಲ್ಲಿ ಒಳ್ಳೆಯದು ಒಂದುಂಟು, 1969ರ ಟಿಂಕರ್ ತೀರ್ಪು. ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಮಕ್ಕಳನ್ನು ಸಸ್ಪೆಂಡ್ ಮಾಡಿದ್ದು ತಪ್ಪು ಅಂತ ಕೋರ್ಟ್ ಹೇಳಿತು. ಆದರೆ ಪಾಠಕ್ಕೆ ದೊಡ್ಡ ಅಡ್ಡಿಯಾದರೆ ಶಾಲೆ ತಡೆಯಬಹುದು ಅಂತಲೂ ಹೇಳಿತು. ನಮ್ಮಲ್ಲೂ ಇಲ್ಲ ಅಂತಲ್ಲ. ಪಕ್ಕದ ಕೇರಳದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೆ ಸುಮ್ಮನಿದ್ದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಾಗ 1986ರಲ್ಲಿ ಸುಪ್ರೀಂ ಕೋರ್ಟೇ ವಾಪಸ್ ಸೇರಿಸಿತು.

ನಮ್ಮ ಜಿಲ್ಲೆಗಳಲ್ಲಿ ಗೇಟಿನ ಮುಂದೆ ಹತ್ತು ಮಕ್ಕಳು ನಿಂತರೆ ದೊಡ್ಡವರಿಗೆ ಯಾಕೆ ಗಾಬರಿ ಅಂತ ಗೊತ್ತು. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆಯ ಹೊತ್ತಿಗೆ ಉಡುಪಿಯ ಹೈಸ್ಕೂಲುಗಳ ಸುತ್ತ 200 ಮೀಟರ್ ನಿಷೇಧಾಜ್ಞೆ ಹಾಕಿದ್ದು ಯಾರೂ ಮರೆತಿಲ್ಲ. ಅದರ ಸರಿ ತಪ್ಪು ಇಲ್ಲಿ ಬೇಡ, ಗ್ರೂಪ್ ಒಡೆದೀತು. ಆದರೆ ಅನ್ನದ ಹುಳಕ್ಕೂ ಅದೇ ಗಾಬರಿ ಬೇಕಾ?

ನಾಳೆ ಹತ್ತೂವರೆಗೆ ಅಕ್ಕ ಮತ್ತು ನಾನು ಕಾಲೇಜಿಗೆ ಹೋಗುತ್ತೇವೆ. ಕ್ಲಾಸ್ ತಪ್ಪಿಸಿದ್ದಕ್ಕೆ ಹುಡುಗನೇ ಬರೆದ ಒಂದು ಪತ್ರ ಕೊಡುತ್ತೇವೆ, ಚುಕ್ಕಿ ಗೆರೆಯದ್ದು ಬೇಡ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಬೇರೆ ಕೊಡುವುದು. ಫೋಟೋ ಇರುವುದು ಅವನ ಫೋನಲ್ಲಿ, ಫೋನ್ ವಾರ್ಡನ್ ಬೀರುವಿನಲ್ಲಿ, ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಸ್ಟೇಷನ್‌ಗೆ ಪುನಃ ಕರೆದರೆ ಹುಡುಗ ಒಬ್ಬನೇ ಹೋಗುವುದಿಲ್ಲ. ಭಾವ, ನೀವೂ ಬನ್ನಿ, ಗಂಡಸರು ಒಬ್ಬರಾದರೂ ಇದ್ದರೆ ಆಫೀಸಲ್ಲಿ ಕುರ್ಚಿ ಬೇಗ ಸಿಗುತ್ತದೆ. ಆದರೆ ಅಲ್ಲಿ ಹುಡುಗನಿಗೆ ಬೈಯಬೇಡಿ, ಬೈಯುವುದಿದ್ದರೆ ಮನೆಗೆ ಬಂದ ಮೇಲೆ.