ಆರ್ಚಿ ಮೂರ್ ಚಾಂಪಿಯನ್ ಆಗೋಕೆ ಅಷ್ಟು ವರ್ಷ ಯಾಕೆ ಬೇಕಾಯ್ತು?

ಬಂಗಾರಪೇಟೆ_ಲೋಕಲ್

ಎಲ್ಲರಿಗೂ ನಮಸ್ಕಾರ. ನಾನು ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಟ್ರೈನಲ್ಲಿ ಹೋಗಿ ಬರುವ ಗಿರಾಕಿ. ಸೀಟು ಸಿಕ್ಕಿದ ದಿನ ಹಳೇ ಬಾಕ್ಸಿಂಗ್ ವಿಡಿಯೋ ನೋಡುವುದು ಚಟ. ಮೊನ್ನೆ ಆರ್ಚಿ ಮೂರ್ ಅನ್ನುವ ಅಮೆರಿಕದ ಬಾಕ್ಸರ್‌ನ ಫೈಟ್ ಸಿಕ್ಕಿತು. 1958ರ ಡಿಸೆಂಬರ್, ಮಾಂಟ್ರಿಯಲ್, ಎದುರಿಗೆ ಕೆನಡಾದ ಇವಾನ್ ಡ್ಯುರೆಲ್. ಮೊದಲನೇ ರೌಂಡಲ್ಲೇ ಮೂರ್ ಮೂರು ಸಲ ನೆಲಕ್ಕೆ ಬೀಳುತ್ತಾನೆ. ಐದನೇ ರೌಂಡಲ್ಲಿ ಮತ್ತೆ ಒಂದು ಸಲ. ಮುಗೀತು ಕಥೆ ಅಂತ ನಾನು ವೈಟ್‌ಫೀಲ್ಡಲ್ಲಿ ಫೋನ್ ಜೇಬಿಗಿಟ್ಟು ಇಳಿದುಬಿಟ್ಟೆ. ಸಂಜೆ ವಾಪಸ್ ಬರುವಾಗ ಉಳಿದಿದ್ದು ನೋಡಿದರೆ ಹನ್ನೊಂದನೇ ರೌಂಡಲ್ಲಿ ಅದೇ ಮನುಷ್ಯ ಡ್ಯುರೆಲ್‌ನ ನಾಕೌಟ್ ಮಾಡಿದ್ದಾನೆ!

ಆಮೇಲೆ ಹುಡುಕಿ ಓದಿದೆ. ಅವನು ಲೈಟ್ ಹೆವಿವೇಟ್ (ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ತೂಕ) ಚಾಂಪಿಯನ್ ಆಗಿದ್ದೇ 1952ರಲ್ಲಂತೆ. ಆಗ ವಯಸ್ಸು 36 ಅಂತ ಒಂದು ಕಡೆ, 39 ಅಂತ ಇನ್ನೊಂದು ಕಡೆ. ಯಾವುದು ಸರಿ? ಅಷ್ಟು ಚೆನ್ನಾಗಿ ಆಡುವವನು ಅಲ್ಲಿವರೆಗೆ ಏನು ಮಾಡುತ್ತಿದ್ದ? ಮೊದಲು ಸುಮಾರಾಗಿದ್ದು ಆಮೇಲೆ ಕಲಿತನಾ, ಇಲ್ಲ ಬೇರೆ ಏನಾದರೂ ಕಾರಣ ಇದೆಯಾ?

ಕೇಳುವುದಕ್ಕೆ ಸ್ವಂತ ಕಾರಣವೂ ಇದೆ. ನನಗೆ 31. ವರ್ಷದಿಂದ ಸಂಜೆ ಹೊತ್ತು ಒಂದು ಜಿಮ್ಮಲ್ಲಿ ಬ್ಯಾಗ್ ಹೊಡೆಯುತ್ತಿದ್ದೇನೆ. "ಈ ವಯಸ್ಸಲ್ಲಿ ಯಾಕಪ್ಪಾ ಮುಖ ಚಚ್ಚಿಸಿಕೊಳ್ಳೋದು" ಅಂತ ಮನೆಯಲ್ಲಿ ದಿನಾ ಮಂಗಳಾರತಿ.

ರೀಫ್_ಹುಡುಗ

ನಮ್ಮ ಮನೆ ಕೆಜಿಎಫ್‌ನ ಚಾಂಪಿಯನ್ ರೀಫಲ್ಲಿ. ಹಾಗಾಗಿ ಚಾಂಪಿಯನ್ ವಿಷಯ ಬಂದರೆ ಉತ್ತರ ಕೊಡುವ ಹಕ್ಕು ನನ್ನದೇ.

ಮೊದಲು ವಯಸ್ಸು. ಮೂರ್ ಹೇಳುತ್ತಿದ್ದದ್ದು 1916ರ ಡಿಸೆಂಬರ್ 13. ಅವನ ತಾಯಿ ಹೇಳುತ್ತಿದ್ದದ್ದು 1913. ಹುಟ್ಟಿದ ಊರಿನ ಬಗ್ಗೆಯೂ ಇಬ್ಬರಿಗೂ ತಾಳೆ ಇಲ್ಲ, ಒಬ್ಬರು ಇಲಿನಾಯ್ ಅಂದರೆ ಇನ್ನೊಬ್ಬರು ಮಿಸಿಸಿಪ್ಪಿ. ಪತ್ರಿಕೆಯವರು ಕೇಳಿದರೆ, ಹಾಗಾದರೆ ನಾನು ಹುಟ್ಟುವಾಗಲೇ ಮೂರು ವರ್ಷದವನಿದ್ದಿರಬೇಕು ಅಂತ ನಗಿಸುತ್ತಿದ್ದ. ನೀನು ನೋಡಿದ ಡ್ಯುರೆಲ್ ಫೈಟ್ ಹೊತ್ತಿಗೆ ಅವನಿಗೆ ಕಮ್ಮಿ ಅಂದರೂ 41, ತಾಯಿ ಮಾತು ನಿಜವಾದರೆ 44.

ಈಗ ತಡ ಯಾಕೆ ಅನ್ನೋದು. ಅವನು ಸುಮಾರಾಗಿದ್ದ ಅನ್ನುವ ಮಾತೇ ಇಲ್ಲ. ಸೇಂಟ್ ಲೂಯಿಸಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ ಬೆಳೆದ ಹುಡುಗ. ಟ್ರಾಮಿನ ಚಿಲ್ಲರೆ ಡಬ್ಬಿ ಕದ್ದು ಬಾಲಾಪರಾಧಿಗಳ ಶಾಲೆ ಸೇರಿದ, ಅಲ್ಲೇ ಬಾಕ್ಸಿಂಗ್ ಹಿಡಿಸಿತು. 1930ರ ದಶಕದ ಮಧ್ಯದಲ್ಲಿ ದುಡ್ಡಿಗೆ ಆಡಲು ಶುರು. 1940ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಗೆದ್ದು ಬಂದ. ಮರುವರ್ಷ ಹೊಟ್ಟೆಯ ಹುಣ್ಣು ಒಡೆದು ಸಾಯುವ ಸ್ಥಿತಿಗೆ ಹೋದ. ಎದ್ದು ಮತ್ತೆ ಗ್ಲೌಸ್ ಹಾಕಿದ. ಇಷ್ಟೆಲ್ಲಾ ಆಡಿದರೂ ಚಾಂಪಿಯನ್ ಆದವರು ಇವನ ಜೊತೆ ರಿಂಗಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಆಗ ಟೈಟಲ್ ಫೈಟ್ ಯಾರಿಗೆ ಸಿಗಬೇಕು ಅನ್ನುವುದು ಪ್ರಮೋಟರ್, ಮ್ಯಾನೇಜರ್ ಕೈಯಲ್ಲಿತ್ತು. ಕಪ್ಪು ಬಾಕ್ಸರ್, ಜೊತೆಗೆ ಗೆಲ್ಲುವ ಸಾಧ್ಯತೆ ಜಾಸ್ತಿ, ಟಿಕೆಟ್ ಮಾರಾಟ ಕಮ್ಮಿ. ಅಂಥವನಿಗೆ ಬಾಗಿಲು ತೆಗೆದು ಯಾರು ತಮ್ಮ ಚಾಂಪಿಯನ್ ಬೆಲ್ಟ್ ಕಳೆದುಕೊಳ್ಳುತ್ತಾರೆ ಹೇಳು? ಯುದ್ಧದ ಕಾಲದಲ್ಲಂತೂ ಚಾಂಪಿಯನ್ ಗಸ್ ಲೆಸ್ನೆವಿಚ್ ಕೋಸ್ಟ್ ಗಾರ್ಡ್ ಸೇರಿದ್ದರಿಂದ ಆ ಬೆಲ್ಟೇ ಪೆಟ್ಟಿಗೆ ಸೇರಿತ್ತು.

ಕೊನೆಗೆ 1952ರ ಡಿಸೆಂಬರ್ 17ಕ್ಕೆ ಸೇಂಟ್ ಲೂಯಿಸಲ್ಲೇ ಜೋಯಿ ಮ್ಯಾಕ್ಸಿಮ್ ಜೊತೆ ಅವಕಾಶ ಸಿಕ್ಕಿತು. ಸಿಕ್ಕಿದ ರೀತಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಮ್ಯಾಕ್ಸಿಮ್‌ಗೆ 1,00,000 ಡಾಲರ್ ಗ್ಯಾರಂಟಿ. ಹದಿನೈದು ರೌಂಡ್ ಆಡಿ ಗೆದ್ದ ಮೂರ್ ಕೈಗೆ ಬಂದದ್ದು 800 ಡಾಲರ್. ಎಂಟು ನೂರು! ಅದರ ಮೇಲೆ ಮ್ಯಾಕ್ಸಿಮ್‌ನ ಮ್ಯಾನೇಜರ್ ಜ್ಯಾಕ್ ಕಿಯರ್ನ್ಸ್ ಇದ್ದನಲ್ಲ, ಹಿಂದೆ ಹೆವಿವೇಟ್ ಚಾಂಪಿಯನ್ ಜ್ಯಾಕ್ ಡೆಂಪ್ಸಿಗೂ ಮ್ಯಾನೇಜರ್ ಆಗಿದ್ದವನು, ಅವನೇ ಆಮೇಲೆ ಮೂರ್‌ಗೂ ಮ್ಯಾನೇಜರ್ ಆದ. ಯಾರು ಸೋತರೂ ಅವನ ಜೇಬು ತುಂಬಲೇಬೇಕು.

ತಟ್ಟೆಇಡ್ಲಿ_ತುಮಕೂರು

ಎಲ್ಲಾ ಸರಿ ಗುರು, ಅನ್ಯಾಯ ಆಯಿತು ಒಪ್ಪೋಣ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕಲ್ವಾ? ಮೂರ್ ದೊಡ್ಡವರ ಎದುರು ಆಡಿದಾಗೆಲ್ಲಾ ಏನಾಯಿತು? ಎಝರ್ಡ್ ಚಾರ್ಲ್ಸ್ ಜೊತೆ ಮೂರು ಸಲ ಆಡಿ ಮೂರೂ ಸೋತ. 1955ರಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಒಂಬತ್ತನೇ ರೌಂಡಲ್ಲಿ ಮಲಗಿಸಿದ. 1956ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ ಐದನೇ ರೌಂಡಲ್ಲಿ, 1962ರಲ್ಲಿ ಕ್ಯಾಷಿಯಸ್ ಕ್ಲೇ (ಮುಂದೆ ಮಹಮ್ಮದ್ ಅಲಿ ಅಂತ ಹೆಸರು ಬದಲಿಸಿಕೊಂಡವನು) ನಾಲ್ಕನೇ ರೌಂಡಲ್ಲಿ. ಯಾರೂ ಅವಕಾಶ ಕೊಡಲಿಲ್ಲ ಅಂತ ಅಳುವುದು ಸುಲಭ. ಹೆವಿವೇಟ್ ಬೆಲ್ಟಿಗೆ ಮಾರ್ಸಿಯಾನೊ, ಪ್ಯಾಟರ್ಸನ್ ಎದುರು ಎರಡು ಸಲ ಅವಕಾಶ ಸಿಕ್ಕಿತಲ್ಲ, ಎರಡೂ ಕೈಬಿಟ್ಟ. ನನ್ನ ಲೆಕ್ಕದಲ್ಲಿ ಒಳ್ಳೆ ಬಾಕ್ಸರ್, ಒಳ್ಳೆ ಮಾತುಗಾರ. ಅದಕ್ಕಿಂತ ಮೇಲೆ ಕೂರಿಸೋದು ಬೇಡ.

ರೀಫ್_ಹುಡುಗ

ತುಮಕೂರಣ್ಣ, ನೀವು ಹೇಳಿದ ಸೋಲೆಲ್ಲಾ ನಿಜ. ಆದರೆ ಆ ಪಟ್ಟಿ ಓದುವ ರೀತಿ ನನಗೆ ಒಪ್ಪಿಗೆ ಇಲ್ಲ.

ಚಾರ್ಲ್ಸ್ ವಿಷಯವೇ ತಗೊಳ್ಳಿ. ಮೂರ್‌ನ ಮೂರು ಸಲ ಸೋಲಿಸಿದ ಆ ಚಾರ್ಲ್ಸ್‌ಗೂ ಲೈಟ್ ಹೆವಿವೇಟ್ ಬೆಲ್ಟಿಗೆ ಆಡಲು ಒಂದೇ ಒಂದು ಸಲ ಬಿಡಲಿಲ್ಲ. ಆತ ಮೇಲಿನ ತೂಕಕ್ಕೆ ಹೋಗಿ 1949ರಲ್ಲಿ ಹೆವಿವೇಟ್ ಚಾಂಪಿಯನ್ ಆದ. 1944ರಲ್ಲಿ ಮೂರ್‌ನ ಸೋಲಿಸಿದ ಚಾರ್ಲಿ ಬರ್ಲಿಗೆ ಯಾವ ಬೆಲ್ಟಿಗೂ ಅವಕಾಶ ಸಿಗಲಿಲ್ಲ. ಕೊನೆಗೆ ಪಿಟ್ಸ್‌ಬರ್ಗಲ್ಲಿ ಕಸದ ಗಾಡಿ ಕೆಲಸ ಮಾಡಿದ. ಅಂದರೆ ಬಾಗಿಲ ಹೊರಗೆ ನಿಲ್ಲಿಸಿದ್ದವರೆಲ್ಲಾ ಒಬ್ಬರ ಜೊತೆ ಒಬ್ಬರು ಮತ್ತೆ ಮತ್ತೆ ಹೊಡೆದಾಡಿಕೊಂಡು ಹೊಟ್ಟೆ ಹೊರೆದರು. ಒಳಗೆ ಬೆಲ್ಟ್ ಕಟ್ಟಿಕೊಂಡು ಕೂತಿದ್ದವರು ಆ ಕಡೆ ತಲೆ ಹಾಕಲಿಲ್ಲ.

ಮಾರ್ಸಿಯಾನೊ ಫೈಟ್ ಪೂರ್ತಿ ನೋಡಿದ್ದೀರಾ? ಅದು ಸಿಗಲೆಂದೇ ಮೂರ್ ದೇಶದ ಪತ್ರಿಕೆಗಳ ಕ್ರೀಡಾ ಸಂಪಾದಕರಿಗೆಲ್ಲಾ ಕಾಗದ ಬರೆದಿದ್ದ, ತಾನು ಶೆರಿಫ್, ಮಾರ್ಸಿಯಾನೊ ಪೊಲೀಸರಿಗೆ ಬೇಕಾದ ಕಳ್ಳ ಅನ್ನುವ ಹಾಗೆ ಪೋಸ್ಟರ್ ಬೇರೆ ಮಾಡಿಸಿದ್ದ. ಯಾಂಕೀ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಜಾಸ್ತಿ ಜನ. ಎರಡನೇ ರೌಂಡಲ್ಲಿ ಮಾರ್ಸಿಯಾನೊ ಎಡಗೈ ಬೀಸಿದ, ಮೂರ್ ಸ್ವಲ್ಪ ಹಿಂದೆ ವಾಲಿ ಬಲಗೈ ಹಾಕಿದ, ಅಷ್ಟೇ, ಮಾರ್ಸಿಯಾನೊ ನೆಲದ ಮೇಲೆ ಕೈಯೂರಿದ್ದ. ಜೀವನದಲ್ಲಿ ಒಂದೂ ಸೋಲದ ಮನುಷ್ಯ ಅದು. ಅವನು ಎದ್ದ ಮೇಲೆ ರೆಫರಿ ನಡುವೆ ನಿಂತು ಎಣಿಸಿ ಸಮಯ ಕೊಟ್ಟ ಅಂತ ಮೂರ್ ಸಾಯುವವರೆಗೆ ದೂರುತ್ತಿದ್ದ. ಆರನೇ ರೌಂಡಲ್ಲಿ ಮೂರ್ ಎರಡು ಸಲ ಬಿದ್ದ, ಎಂಟರಲ್ಲಿ ಇನ್ನೊಂದು ಸಲ. ಡಾಕ್ಟರ್ ಬಂದು ನಿಲ್ಲಿಸೋಣವಾ ಅಂದರೆ, ನಾನೂ ಒಬ್ಬ ಚಾಂಪಿಯನ್, ಸೋಲುವುದಿದ್ದರೆ ರೆಫರಿ ಹತ್ತು ಎಣಿಸಿಯೇ ಸೋಲುತ್ತೇನೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಮಾರ್ಸಿಯಾನೊಗೆ ಅದೇ ಕೊನೆಯ ಫೈಟ್. 49ಕ್ಕೆ 49 ಗೆದ್ದು ಮುಂದಿನ ವರ್ಷ ನಿವೃತ್ತಿ.

ಇನ್ನು ಕ್ಲೇ ಜೊತೆ ಸೋತಾಗ ಕ್ಲೇಗೆ 20, ಮೂರ್‌ಗೆ 45 ಅಥವಾ 48. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ? 200ಕ್ಕೂ ಜಾಸ್ತಿ ಫೈಟ್, 130ಕ್ಕೂ ಜಾಸ್ತಿ ನಾಕೌಟ್, ಒಂಬತ್ತು ವರ್ಷ ಚಾಂಪಿಯನ್. ಸೋಲಿನ ಪಟ್ಟಿ ಬರೆದವರು ಇದನ್ನೂ ಪಕ್ಕದಲ್ಲಿ ಬರೆಯಬೇಕು.

ತಟ್ಟೆಇಡ್ಲಿ_ತುಮಕೂರು

ಒಂಬತ್ತು ವರ್ಷ ಅಂತೀರಿ, ನಡುನಡುವೆ ಬೆಲ್ಟ್ ಪಣಕ್ಕೆ ಇಡದೆ ಸುಮ್ನೆ ತಿಂಗಳುಗಟ್ಟಲೆ ಓಡಾಡಿಕೊಂಡಿದ್ದನ್ನೂ ಹೇಳಿ. ಅದಕ್ಕೇ 1960ರಲ್ಲಿ ಅಮೆರಿಕದ ಒಂದು ಬಾಕ್ಸಿಂಗ್ ಸಂಘ ಅವನಿಂದ ಪಟ್ಟ ಕಿತ್ತುಕೊಂಡಿತು. ನ್ಯೂಯಾರ್ಕಿನ ಬಾಕ್ಸಿಂಗ್ ಆಯೋಗದವರು ಮಾತ್ರ 1962ರವರೆಗೆ ಅವನನ್ನೇ ಚಾಂಪಿಯನ್ ಅಂತ ಒಪ್ಪಿಕೊಂಡಿದ್ದರು. ಬಾಗಿಲ ಹೊರಗೆ ಅಷ್ಟು ವರ್ಷ ನಿಂತವನು ಒಳಗೆ ಹೋದ ಮೇಲೆ ತಾನೂ ಚಿಲಕ ಹಾಕಿಕೊಂಡ ಅನ್ನಿ. ಆದರೆ ಮಾರ್ಸಿಯಾನೊನ ಕೆಡವಿದ ಆ ಬಲಗೈ ಮಾತ್ರ ಚೆನ್ನ, ಅದಕ್ಕೆ ನನ್ನ ತಕರಾರಿಲ್ಲ.

ನಂದಿಬೆಟ್ಟ_ಸೈಕಲ್

ಇಬ್ಬರೂ ಜಗಳ ಆಡಿ, ನಾನು ಕ್ಲೇ ಕಥೆ ಹೇಳುತ್ತೇನೆ. 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದ ಮೇಲೆ ಕ್ಲೇಯನ್ನು ತರಬೇತಿಗೆ ಕಳಿಸಿದ್ದೇ ಮೂರ್ ಹತ್ತಿರ. ಸ್ಯಾನ್ ಡಿಯಾಗೋ ಪಕ್ಕದ ಬೆಟ್ಟದಲ್ಲಿ ಮೂರ್‌ನ ಕ್ಯಾಂಪ್, ಹೆಸರು ಸಾಲ್ಟ್ ಮೈನ್. ಅಲ್ಲಿನ ಬಂಡೆಗಳ ಮೇಲೆ ಹಳೇ ಬಾಕ್ಸರ್‌ಗಳ ಹೆಸರು ಬರೆಸಿದ್ದ. ಬಂದವರೆಲ್ಲಾ ಕಸ ಗುಡಿಸಬೇಕು, ಪಾತ್ರೆ ತೊಳೆಯಬೇಕು. ನಮ್ಮ ಗರಡಿಯಲ್ಲಿ ವಸ್ತಾದ್ ಮೊದಲು ಮಟ್ಟಿ ಅಗೆಸಿ ಆಮೇಲೆ ಪಟ್ಟು ಹೇಳಿಕೊಡುವ ಹಾಗೆ. ಹದಿನೆಂಟರ ಹುಡುಗ ಕ್ಲೇ ಕೇಳುತ್ತಾನಾ? ಪಾತ್ರೆ ತೊಳೆಯುವುದು ಹೆಂಗಸರ ಕೆಲಸ ಅಂತ ಮುಖ ಗಂಟಿಕ್ಕಿಕೊಂಡ, ಸ್ವಲ್ಪ ದಿನಕ್ಕೆ ಗಂಟು ಮೂಟೆ ಕಟ್ಟಿದ. ಆಮೇಲೆ ಸೇರಿದ್ದು ಆಂಜೆಲೊ ಡಂಡಿ ಅನ್ನುವ ಕೋಚ್ ಹತ್ತಿರ. ಎರಡು ವರ್ಷಕ್ಕೆ ಅದೇ ಗುರುವನ್ನು ನಾಲ್ಕನೇ ರೌಂಡಲ್ಲಿ ಮಲಗಿಸುತ್ತೇನೆ ಅಂತ ಸಾರಿ, ನಾಲ್ಕರಲ್ಲೇ ಮಲಗಿಸಿದ. ಅದಕ್ಕೇ ಮಾರ್ಸಿಯಾನೊ ಜೊತೆಗೂ ಅಲಿ ಜೊತೆಗೂ ಆಡಿದವನು ಮೂರ್ ಒಬ್ಬನೇ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಎದುರು ಜಾರ್ಜ್ ಫೋರ್ಮನ್ ಆಡಿದಾಗ ಫೋರ್ಮನ್ ಮೂಲೆಯಲ್ಲಿ ನಿಂತಿದ್ದವರಲ್ಲಿ ಇದೇ ಮೂರ್ ಇದ್ದ. ಆ ಸಲವೂ ಅಲಿಯೇ ಗೆದ್ದ, ಪಾಪ.

ಬಂಗಾರಪೇಟೆಯವರೇ, ನಿಮಗೆ ಬೇಕಿರುವುದು ಅಷ್ಟು ವಯಸ್ಸಲ್ಲೂ ಹೇಗೆ ಆಡಿದ ಅನ್ನುವುದಲ್ವಾ? ಕೈ ನೋಡಿ. ಎರಡೂ ಕೈ ಎದೆ ಮುಖದ ಮುಂದೆ ಅಡ್ಡಡ್ಡ ಮಡಚಿ ನಿಲ್ಲುತ್ತಾನೆ, ಗದ್ದ ಭುಜದ ಹಿಂದೆ. ಬರುವ ಏಟು ಮೊಣಕೈಗೆ, ಮುಂಗೈಗೆ ಬೀಳುತ್ತದೆ. ಏಟು ನಿಂತ ಕ್ಷಣ ಒಳಗಿಂದ ಬಲಗೈ ಬರುತ್ತದೆ. ಕಾಲು ಜಾಸ್ತಿ ಓಡಿಸುವುದೇ ಇಲ್ಲ. ಫೋರ್ಮನ್ ಎರಡನೇ ಇನಿಂಗ್ಸಲ್ಲಿ ಇದೇ ಅಡ್ಡಗೈ ಇಟ್ಟುಕೊಂಡು 1994ರಲ್ಲಿ 45ನೇ ವಯಸ್ಸಿಗೆ ಮತ್ತೆ ಹೆವಿವೇಟ್ ಚಾಂಪಿಯನ್ ಆದ.

ತೂಕದ ವಿಷಯದಲ್ಲಿ ಮಾತ್ರ ಅವನನ್ನು ಅನುಸರಿಸಬೇಡಿ. ಲೈಟ್ ಹೆವಿ ಮಿತಿ 175 ಪೌಂಡ್, ಅಂದರೆ 79 ಕೆಜಿ ಚಿಲ್ಲರೆ. ಮೂರ್ ಊದಿಕೊಂಡು ಆಮೇಲೆ ಸರ್ರನೆ ಇಳಿಸುತ್ತಿದ್ದ. ಆಸ್ಟ್ರೇಲಿಯಾದ ಮೂಲನಿವಾಸಿಗಳಿಂದ ಕಲಿತ ಗುಟ್ಟು ಅಂತ ಎಲ್ಲರಿಗೂ ಕಥೆ ಕಟ್ಟುತ್ತಿದ್ದ. ಮಾಂಸ ಅಗಿದು ರಸ ನುಂಗಿ ಚರಟ ಉಗುಳುವುದಂತೆ!

ರೀಫ್_ಹುಡುಗ

ಸಾಲ್ಟ್ ಮೈನ್ ಅಂತೆ. ಮೈನ್ ನೋಡಬೇಕಿದ್ದರೆ ಕ್ಲೇಯನ್ನು ನಮ್ಮೂರಿಗೆ ಕಳಿಸಬೇಕಿತ್ತು, ಒಂದು ಶಿಫ್ಟ್ ಕೆಳಗೆ ಇಳಿಸಿದ್ದರೆ ಪಾತ್ರೆ ತೊಳೆಯುವ ಕೆಲಸವೇ ವಾಸಿ ಅನ್ನುತ್ತಿದ್ದ.

ಬಂಗಾರಪೇಟೆ_ಲೋಕಲ್

ಎಲ್ಲರಿಗೂ ಥ್ಯಾಂಕ್ಸ್. 800 ಡಾಲರ್ ವಿಷಯ ಓದಿ ಟ್ರೈನಲ್ಲೇ ಪಕ್ಕದವರಿಗೆ ಹೇಳಿದೆ, ಅವರು ನನ್ನ ಸಂಬಳದ ಬಗ್ಗೆ ಮಾತಾಡುತ್ತಿದ್ದೇನೆ ಅಂದುಕೊಂಡರು. ನಂದಿಬೆಟ್ಟ ಅಣ್ಣ, ಆ ಅಡ್ಡಗೈ ನಾನು ಈಗಲೇ ಶುರು ಮಾಡಬಹುದಾ? 31ಕ್ಕೆ ಸ್ಪರ್ಧೆಗೆ ಇಳಿಯಲು ಬಿಡುತ್ತಾರಾ?

ನಂದಿಬೆಟ್ಟ_ಸೈಕಲ್

ಹವ್ಯಾಸಿ ಬಾಕ್ಸಿಂಗಲ್ಲಿ ದೊಡ್ಡವರ ವಿಭಾಗ 19ರಿಂದ 40. ವಯಸ್ಸಿನ ತೊಂದರೆ ಇಲ್ಲ. ಡಾಕ್ಟರ್ ತಪಾಸಣೆ ಆಗಲೇಬೇಕು. ಆದರೆ ಅಲ್ಲಿ ಮೂರು ನಿಮಿಷದ ಮೂರೇ ರೌಂಡ್. ಮೂರ್ ಡ್ಯುರೆಲ್ ಎದುರು ಮೊದಲ ರೌಂಡ್ ಪೂರ್ತಿ ಕಳೆದುಕೊಂಡರೂ ಹದಿನೈದರ ಫೈಟಲ್ಲಿ ಇನ್ನೂ ಹದಿನಾಲ್ಕು ಬಾಕಿ ಇತ್ತು, ನಿಮಗೆ ಎರಡೇ ಇರುತ್ತದೆ. ಹಾಗಾಗಿ ಅಡ್ಡಗೈ ಈಗ ಬೇಡ. ಅದರಲ್ಲಿ ಏಟು ತಡೆಯುತ್ತಾ ಕಾಯಬೇಕು, ಕಾಯುತ್ತಾ ಕೂತರೆ ಜಡ್ಜ್ ಪಾಯಿಂಟ್ ಎದುರಿನವನಿಗೆ ಹಾಕುತ್ತಾರೆ. ಮೊದಲು ಜ್ಯಾಬ್ (ಮುಂದಿರುವ ಕೈಯ ನೇರ ಏಟು), ಆಮೇಲೆ ಹಿಂದೆ ಸರಿಯುವ ಹೆಜ್ಜೆ. ಆ ಜಿಮ್ಮಲ್ಲಿ ಬರೀ ಬ್ಯಾಗ್ ಹೊಡೆಸಿ ಕಳಿಸುತ್ತಿದ್ದರೆ, ಎದುರಿಗೆ ಆಳು ನಿಲ್ಲಿಸಿ ಪ್ಯಾಡ್ ಹಿಡಿಯುವ ಕೋಚ್ ಒಬ್ಬರನ್ನು ಹುಡುಕಿಕೊಳ್ಳಿ.

ತಟ್ಟೆಇಡ್ಲಿ_ತುಮಕೂರು

ಹಲ್ಲಿನ ಗಾರ್ಡ್ ತಗೊಳ್ಳಿ ಬ್ರದರ್, ಅಗ್ಗದ್ದು ಬೇಡ. ಮನೆಯವರಿಗೆ ಡ್ಯುರೆಲ್ ಫೈಟ್ ತೋರಿಸುವುದಿದ್ದರೆ ಆರನೇ ರೌಂಡಿಂದ ತೋರಿಸಿ.