ಪದ ಬೇಕು, ಸ್ವಲ್ಪ ಅರ್ಜೆಂಟ್: ಕಾರ್ಬೊರೇಟರ್‌ನ ‘ರಿಚ್’ ಮತ್ತು ‘ಲೀನ್’

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಹಳೆ ಚೈನ್‌ಸಾ ಕೊಂಡು ತಂದು, ಮನೆಯಲ್ಲೇ ಬಿಚ್ಚಿ ಕಟ್ಟಿ, ಬಳ್ಳಾರಿ ಜಾಲಿ ಕಡಿಯುವ ರೈತರಿಗೆ ಕೊಡುತ್ತೇನೆ. ಮಶೀನ್ ಜೊತೆ ಕನ್ನಡದಲ್ಲಿ ಒಂದು ಹಾಳೆ ಇರಲಿ ಅಂತ ಬರೆಯಲು ಕೂತಿದ್ದೇನೆ. ಡಿಟಿಪಿ ಅಂಗಡಿಯವರು ನಾಳೆ ಸಂಜೆಯೊಳಗೆ ಕೊಡಿ ಅಂದಿದ್ದಾರೆ. ಪಿಸ್ಟನ್, ರಿಂಗ್, ಪ್ಲಗ್ ಹಾಗೇ ಇರುತ್ತವೆ, ಅವನ್ನು ಯಾರೂ ಕೇಳುವುದಿಲ್ಲ. ಸಿಕ್ಕಿಬಿದ್ದಿರುವುದು ‘ರಿಚ್’ ಮತ್ತು ‘ಲೀನ್’ ಹತ್ತಿರ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬೊರೇಟರ್‌ಗೆ ಮೂರು ಸ್ಕ್ರೂ. ಎಲ್ ಅನ್ನುವುದು ಸ್ಲೋಗೆ, ಎಚ್ ಫುಲ್ ರೇಸಿಗೆ. ಮೂರನೆಯದು ಸುಮ್ನೆ ಸ್ಲೋ ಸ್ಪೀಡ್ ಏರಿಸಿ ಇಳಿಸಲು. ಎಲ್, ಎಚ್ ಬಿಗಿದರೆ ಪೆಟ್ರೋಲ್ ಕಡಿಮೆ ಹೋಗಿ ಲೀನ್ ಆಗುತ್ತದೆ. ಸಡಿಲಿಸಿದರೆ ರಿಚ್. ಎಚ್ ಜಾಸ್ತಿ ಬಿಗಿದಾಗ ಇಂಜಿನ್ ಚೀರುತ್ತದೆ. ಕೇಳುವವರಿಗೆ ‘ಏನು ಪವರ್!’ ಅನಿಸುತ್ತದೆ. ಆದರೆ ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಒಳಗೆ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಕಾವು ಮಾತ್ರ ಜಾಸ್ತಿ. ಪಿಸ್ಟನ್ ಹಿಡಿದುಕೊಳ್ಳುತ್ತದೆ. ನನ್ನ ಹತ್ತಿರ ಬರುವ ಹಳೆ ಮಶೀನುಗಳಲ್ಲಿ ಬಹಳಷ್ಟು ಹೀಗೇ ಸತ್ತವು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಇಣುಕಿದರೆ ಪಿಸ್ಟನ್ ಮೈಮೇಲೆ ಮೇಲಿಂದ ಕೆಳಗೆ ಗೀರು ಕಾಣುತ್ತದೆ, ಉಗುರು ಸಿಕ್ಕುವಷ್ಟು ಆಳ.

ಸದ್ಯಕ್ಕೆ ‘ಗಟ್ಟಿ ಮಿಶ್ರಣ’, ‘ತೆಳು ಮಿಶ್ರಣ’ ಅಂತ ಬರೆದಿದ್ದೇನೆ. ನಡೆಯುತ್ತಾ? ಹಾಳೆಯ ತಲೆಬರಹ ‘ಚೈನ್ ಗರಗಸ’.

ಯಾದಗಿರಿಯಿಂದ:

‘ಚೈನ್ ಗರಗಸ’ ಅರಿಸಮಾಸ, ಬೇರೆ ಬೇರೆ ಭಾಷೆಯ ಪದ ಕೂಡಿಸಿದ ತಪ್ಪು ಸಮಾಸ. ಸರಪಳಿ ಗರಗಸ ಅನ್ನಿ. ‘ಮಿಶ್ರಣ’ ಸಂಸ್ಕೃತ, ‘ಬೆರಕೆ’ ಇರುವಾಗ ಅದ್ಯಾಕೆ? ರಿಚ್‌ಗೆ ಕೊಬ್ಬಿದ ಬೆರಕೆ, ಲೀನ್‌ಗೆ ಸೊರಗಿದ ಬೆರಕೆ. ಟ್ಯೂನಿಂಗ್‌ಗೆ ಹದ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಬೀದರ್‌ನಿಂದ:

ಮಾಸ್ತರರೇ, ‘ಹದ’ ಒಪ್ಪಿದೆ. ಉಳಿದದ್ದು ಒಂದೂ ಒಪ್ಪಲ್ಲ.

ಮೊದಲು ಬೆರಕೆ. ರೈತ ‘ಬೆರಕೆ’ ಅಂತ ಓದಿದ ಕೂಡಲೇ ಅವನ ತಲೆಗೆ ಬರುವುದು ಕಲಬೆರಕೆ. ಬಂಕಿನವನು ಪೆಟ್ರೋಲಿಗೆ ಸೀಮೆಎಣ್ಣೆ ಸೇರಿಸಿದ್ದಾನೆ ಅಂದುಕೊಳ್ಳುತ್ತಾನೆ. ಅರಿಸಮಾಸದ ಮಾತು ಇನ್ನೂ ವಿಚಿತ್ರ. ಆ ಸೂತ್ರ ಸಂಸ್ಕೃತ ಮತ್ತು ಕನ್ನಡದ ನಡುವಿನದು, ಚೈನ್ ಎರಡೂ ಅಲ್ಲ. ಇನ್ನು ನೀವು ಕಾಪಾಡಲು ಹೊರಟ ‘ಗರಗಸ’ವೇ ಕ್ರಕಚದ ತದ್ಭವ. ಬಿರುದಾವಳಿಗೆ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ, ತಲೆಬರಹವನ್ನು ಬಿರುದು ಅಂದುಕೊಂಡು ಬಿಟ್ಟುಬಿಡಿ.

ಈಗ ಕಲಬುರಗಿಯವರಿಗೆ. ‘ಗಟ್ಟಿ’, ‘ತೆಳು’ ದಯವಿಟ್ಟು ಹಾಕಬೇಡಿ. ಈ ಮಶೀನಿನಲ್ಲಿ ಮಿಶ್ರಣ ಒಂದಲ್ಲ, ಎರಡು. ಒಂದು ಕ್ಯಾನಿನಲ್ಲಿ ಆಗುವುದು: ಪೆಟ್ರೋಲ್ ಮತ್ತು ಆಯಿಲ್, ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಇನ್ನೊಂದು ಕಾರ್ಬೊರೇಟರಿನಲ್ಲಿ ಆಗುವುದು: ಪೆಟ್ರೋಲ್ ಮತ್ತು ಗಾಳಿ. ಹಾಳೆಯಲ್ಲಿ ‘ಮಿಶ್ರಣ ತೆಳುವಾದರೆ ಗಟ್ಟಿ ಮಾಡಿ’ ಅಂತ ಓದಿದವನು ಸ್ಕ್ರೂ ಕಡೆ ಹೋಗುತ್ತಾನಾ? ಇಲ್ಲ, ಕ್ಯಾನಿಗೆ ಇನ್ನೊಂದಿಷ್ಟು ಆಯಿಲ್ ಸುರಿಯುತ್ತಾನೆ. ಆಯಿಲ್ ಜಾಸ್ತಿಯಾದಷ್ಟೂ ಅದೇ ಜೆಟ್ಟಿನಲ್ಲಿ, ಅಂದರೆ ಕಾರ್ಬೊರೇಟರಿನ ಸಣ್ಣ ತೂತಿನಲ್ಲಿ, ಹೋಗುವ ಪೆಟ್ರೋಲ್ ಪಾಲು ಕಡಿಮೆ. ಅಂದರೆ ಗಟ್ಟಿ ಮಾಡಲು ಹೋಗಿ ಇನ್ನಷ್ಟು ಲೀನ್ ಮಾಡಿದ ಹಾಗಾಯಿತು.

ಆದ್ದರಿಂದ ಯಾವುದು ಜಾಸ್ತಿ ಅಂತ ನೇರ ಹೇಳಿ. ಲೀನ್ ಅಂದರೆ ‘ಗಾಳಿ ಹೆಚ್ಚು’, ರಿಚ್ ಅಂದರೆ ‘ಪೆಟ್ರೋಲ್ ಹೆಚ್ಚು’. ಇದಕ್ಕೆ ಇನ್ನೊಂದು ಲಾಭವೂ ಇದೆ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಹದ ಮಾಡಿದ ಮಶೀನನ್ನು ಡಿಸೆಂಬರಿನಲ್ಲಿ ಬೆಳಿಗ್ಗೆ ಬೀದರ್‌ನಲ್ಲಿ ಎಳೆದರೆ, ಸ್ಕ್ರೂ ಯಾರೂ ಮುಟ್ಟದಿದ್ದರೂ ಲೀನ್ ಆಗಿರುತ್ತದೆ. ತಣ್ಣನೆ ಗಾಳಿ ದಟ್ಟ ಅಲ್ವಾ. ‘ಗಾಳಿ ಹೆಚ್ಚು’ ಅಂದರೆ ಅದು ಸಲೀಸಾಗಿ ಅರ್ಥವಾಗುತ್ತದೆ, ‘ಸೊರಗಿದ’ ಅಂದರೆ ಆಗಲ್ಲ.

ದನಿಗೂ ಪದ ಕೊಡಿ, ಹೊಲದಲ್ಲಿ ಹದ ನೋಡುವುದು ಕಿವಿಯಿಂದಲೇ. ಗಾಳಿ ಹೆಚ್ಚಾದರೆ ಕೀರಲು ದನಿ, ಪೆಟ್ರೋಲ್ ಹೆಚ್ಚಾದರೆ ಗೊಗ್ಗರು ದನಿ. ಎರಡೂ ಅಪ್ಪಟ ಕನ್ನಡ, ಮಾಸ್ತರರಿಗೂ ಸಮಾಧಾನ.

‘ಎಡಕ್ಕೆ’, ‘ಬಲಕ್ಕೆ’ ಬದಲು ಬಿಗಿಯುವ ಕಡೆ, ಬಿಚ್ಚುವ ಕಡೆ ಅನ್ನಿ. ಕ್ಲಚ್ ವಿಷಯದಲ್ಲಿ ಮಾತ್ರ ‘ಉಲ್ಟಾ ತ್ರೆಡ್’ ಅಂತ ದಪ್ಪಕ್ಷರದಲ್ಲಿ ಹಾಕಿ. ಅಲ್ಲಿ ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ಕಡೆಗೆ.

ಹುಮನಾಬಾದ್‌ನಿಂದ:

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ಕಟ್ಟಿಗೆ ಅಡ್ಡೆಗೆ ಆರಾ ಮಶೀನ್ ಅಂತಾರೆ. ‘ಚೈನ್ ಆರಾ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮತ್ತೆ ಆರಾ ಉರ್ದು ಅಲ್ಲವೇ ಅಲ್ಲ. ನಮ್ಮ ‘ಅರ’ ಇದೆಯಲ್ಲ, ಚೈನಿನ ಹಲ್ಲು ಉಜ್ಜುವುದು, ಅದೇ ಉತ್ತರಕ್ಕೆ ಹೋಗಿ ಆರಾ ಆಗಿ ತಿರುಗಿ ಬಂದಿದೆ. ಇದನ್ನು ಬಹಳ ಸಲ ಹೇಳಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ.

ಯಾದಗಿರಿಯಿಂದ:

ಉತ್ತರ ಕೊಡುವಂಥದ್ದಲ್ಲ, ಅದಕ್ಕೇ ಕೊಟ್ಟಿಲ್ಲ. ಅರ ದ್ರಾವಿಡ, ತಮಿಳಿನಲ್ಲಿ ಅರಂ. ಆರಾ ಸಂಸ್ಕೃತದಲ್ಲೇ ಇದೆ, ಚುಚ್ಚುವ ಉಳಿಗೆ ಹಾಗನ್ನುತ್ತಾರೆ. ಎರಡಕ್ಕೂ ನೆಂಟಸ್ತನ ಇಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಡಳಿತ ಹೋಯಿತು, ನಿಮ್ಮ ನಾಲಿಗೆಯಿಂದ ಇನ್ನೂ ಹೋಗಿಲ್ಲ.

ಹುಮನಾಬಾದ್‌ನಿಂದ:

ಸರಿ ಸರ್. ಅರ್ಜಿ, ಜಮೀನು, ತಹಶೀಲ್ದಾರ ಈ ಮೂರು ಮಾತು ಆಡದೇ ಒಂದು ಪಹಣಿ ತೆಗೆಸಿಕೊಂಡು ಬನ್ನಿ. ಆಮೇಲೆ ನನ್ನ ನಾಲಿಗೆ ನೋಡುವಿರಂತೆ. ‘ಪಹಣಿ’ಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೀದರ್‌ನಿಂದ:

ಇಬ್ಬರೂ ಬೇರೆ ಎಳೆ ಶುರು ಮಾಡಿ, ಇವರ ಹಾಳೆ ನಾಳೆ ಹೋಗಬೇಕು. ಅರ, ಆರಾ ಎರಡೂ ಹಾಳೆಗೆ ಬೇಕಿಲ್ಲ. ನಮ್ಮಲ್ಲಿ ಮರಾಠಿಯ ‘ಕಾನಸ್’ ಅನ್ನುವವರೂ ಇದ್ದಾರೆ. ‘ಚೈನ್ ಮಸೆಯುವ ಗುಂಡು ಫೈಲ್’ ಅಂದರೆ ಅಂಗಡಿಯವನು ಕೊಡುತ್ತಾನೆ. ಅಳತೆ ಬರೆಯುವುದು ಮುಖ್ಯ: .325 ಇಂಚಿನ ಚೈನಿಗೆ 4.8 ಎಂಎಂ. ಜಾಲಿ ಗಟ್ಟಿ ಕಟ್ಟಿಗೆ, ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಚೈನ್ ಒತ್ತಿ ಕೊಯ್ಯುವವನು ಇಂಜಿನ್ನಿಗೆ ಪವರ್ ಇಲ್ಲ ಅಂತ ಎಚ್ ಸ್ಕ್ರೂಗೆ ಕೈ ಹಾಕುತ್ತಾನೆ. ರೋಗ ಒಂದು, ಮದ್ದು ಇನ್ನೊಂದು. ‘ಮೊದಲು ಹಲ್ಲು ನೋಡಿ, ಆಮೇಲೆ ಸ್ಕ್ರೂ ಮುಟ್ಟಿ’ ಅಂತ ಒಂದು ಸಾಲು ಸೇರಿಸಿ.

ಪಿಸ್ಟನ್ ಹಿಡಿದುಕೊಳ್ಳುವುದಕ್ಕೆ ‘ಸೀಜ್’ ಪದ ಮಾತ್ರ ಬೇಡ. ‘ನಿಮ್ಮ ಮಶೀನ್ ಸೀಜ್ ಆಗುತ್ತದೆ’ ಅಂದರೆ ಫೈನಾನ್ಸ್‌ನವರು ಬರುತ್ತಾರೆ ಅಂತ ಹೆದರುತ್ತಾರೆ.

ಕಲಬುರಗಿಯಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹ ‘ಚೈನ್ ಗರಗಸ’ವೇ ಉಳಿಯಿತು, ಮಾಸ್ತರರು ಕ್ಷಮಿಸಬೇಕು. ಒಳಗೆ ಹೀಗೆ ಹೋಗುತ್ತಿದೆ:

ಎಚ್ ಸ್ಕ್ರೂ ಬಿಗಿಯುವ ಕಡೆ: ಗಾಳಿ ಹೆಚ್ಚು, ಕೀರಲು ದನಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಿಚ್ಚುವ ಕಡೆ: ಪೆಟ್ರೋಲ್ ಹೆಚ್ಚು, ಗೊಗ್ಗರು ದನಿ, ಹೊಗೆ. ಫುಲ್ ರೇಸಿನಲ್ಲಿ ದನಿ ಸ್ವಲ್ಪ ಗೊಗ್ಗರಾಗಿದ್ದು, ಕಟ್ಟಿಗೆಗೆ ಹಚ್ಚಿದ ಕೂಡಲೇ ತಿಳಿಯಾದರೆ ಹದ ಸರಿ ಇದೆ. ಸ್ಲೋನಲ್ಲಿ ಚೈನ್ ತಿರುಗಬಾರದು.

‘ಮಿಶ್ರಣ’ ಕ್ಯಾನಿನ ಮಾತಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಪ್ರಿಂಟಿಗೆ ಕೊಟ್ಟಾಯಿತು, ಇನ್ನು ತಿದ್ದುಪಡಿ ಕಳಿಸಬೇಡಿ.

ಯಾದಗಿರಿಯಿಂದ:

ಕಳಿಸುತ್ತಿಲ್ಲ. ‘ಹೆಚ್ಚು’ ಅಂದರೆ ಕೊಚ್ಚು ಅಂತಲೂ ಅರ್ಥವಿದೆ. ಗರಗಸದ ಹಾಳೆಯಲ್ಲಿ ಆ ಪದವೇ ಆಗಬೇಕಿತ್ತೇ?